ದೊಡ್ಡತ್ತೆಯ ಚಪ್ಪಲಿ

ಚಪ್ಪಲಿ ಅಂಗಡಿಗೆ ಬಂದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಕೊನೆಗೆ ಏಳು ನಂಬರಿನ ಕಾಲನ್ನು ಆರರೊಳಗೆ ತೂರಿಸಿ ‘ಸರಿಯಾಗಿದೆ’ ಎನ್ನುತ್ತಾರೆ. ನಾನೂ ‘ಹೇಳಿ ಮಾಡಿಸಿದ ಹಾಗಿದೆ’ ಎನ್ನುತ್ತೇನೆ. ಸದ್ದಿನ ಮೇಷ್ಟ್ರು ಮಾತ್ರ ಬಣ್ಣ ನೋಡಲಿಲ್ಲ, ನಂಬರ್ ಕೇಳಲಿಲ್ಲ. ಮೊದಲ ಸಲ ಬಂದವರೇ ಹೆಂಗಸರ ಒಂದು ಜೊತೆ ಎತ್ತಿಕೊಂಡು ಎರಡು ಕೈಗೂ ತೊಟ್ಟು, ನನ್ನ ಮೇಜಿನ ಮೇಲೆ ಟಕಟಕ ನಡೆಸಿದರು. ಕಿವಿಯನ್ನು ಮೇಜಿಗೆ ಹತ್ತಿರ ತಂದರು. ಇವತ್ತು ಬೋಣಿ ಆದ ಹಾಗೇ ಎಂದುಕೊಂಡೆ.

“ಇದು ಬೇಡ. ಇವಳು ಮದುವೆಗೆ ಹೋಗ್ತಿದ್ದಾಳೆ. ನನಗೆ ಜಗಳಕ್ಕೆ ಹೋಗೋಳು ಬೇಕು.”

“ಯಾರ್ರೀ ಅವಳು?”

“ದೊಡ್ಡತ್ತೆ.”

ಅಷ್ಟು ಹೇಳಿದರೆ ಸಾಕಿತ್ತು. ವಾರಕ್ಕೊಮ್ಮೆ ಸಂಜೆ ರೇಡಿಯೋದಲ್ಲಿ ಬರುತ್ತಿದ್ದ ಆ ತುಂಬು ಮನೆಯ ನಾಟಕ ಕೇಳದವರು ಊರಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ನಡೆಯಿತು. ದೊಡ್ಡತ್ತೆ ಸೊಸೆಯರನ್ನು ಬೈಯುತ್ತಿದ್ದಳು, ಹಾಲಿನವನನ್ನು ಬೈಯುತ್ತಿದ್ದಳು, ಬೈಯಲು ಯಾರೂ ಸಿಗದಿದ್ದರೆ ಬೆಕ್ಕನ್ನು ಬೈಯುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲು ನಡೆಯುವ ಸದ್ದು ಬರುತ್ತಿತ್ತು. ಅದು ಕೇಳಿದೊಡನೆ ನಾಟಕದ ಮನೆಯೂ ನಮ್ಮ ಮನೆಯೂ ಗಪ್‌ಚಿಪ್. ಆ ನಡಿಗೆ ಮೇಷ್ಟ್ರದು. ಸ್ಟುಡಿಯೋದ ಮೂಲೆಯಲ್ಲಿ ಒಂದು ಹಲಗೆ, ಒಂದು ತಟ್ಟೆ ಮರಳು, ಒಂದು ಕೀಲು ಕಿತ್ತ ಬಾಗಿಲು ಇಟ್ಟುಕೊಂಡು ನಾಟಕಕ್ಕೆ ಬೇಕಾದ ಸದ್ದು ಮಾಡುವುದೇ ಅವರ ಉದ್ಯೋಗ. ದೊಡ್ಡತ್ತೆಯ ದನಿ ಅವರ ಹೆಂಡತಿಯದು. ನಾಟಕ ಬರೆಯುವವನು ತಲೆ ಕೆಡಿಸಿಕೊಂಡವನೇ ಅಲ್ಲ, ಅವರ ಮನೆಗೆ ಒಂದು ದಿನ ಕಾಫಿಗೆ ಹೋಗಿದ್ದಾಗ ಮೇಷ್ಟ್ರು ಬೈಸಿಕೊಳ್ಳುವುದನ್ನು ಕೇಳಿ ಹಾಗೇ ಇಳಿಸಿಕೊಂಡು ಬಂದ ಎಂದು ಜನ ಆಡಿಕೊಳ್ಳುತ್ತಿದ್ದರು.

ಆಡಿಕೊಂಡಿದ್ದು ಸುಳ್ಳೇನಲ್ಲ. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರೂ ಒಂದೊಂದು ಸಲ ಗಂಡನ ಜೊತೆ ಬರುತ್ತಿದ್ದರು. ಬಂದರೆ ಅಂಗಡಿಯ ಮುಂದೆ ನಾಲ್ಕು ಜನ ನಿಲ್ಲುತ್ತಿದ್ದರು.

“ನೋಡಪ್ಪಾ ಸಾಹುಕಾರ, ಇಲ್ಲದಿರೋ ಹೆಂಗಸಿಗೆ ವರ್ಷಕ್ಕೆ ಎರಡು ಜೊತೆ ತಗೊಂಡು ಹೋಗ್ತಾನೆ ಈ ಮನುಷ್ಯ. ಕಟ್ಕೊಂಡವಳ ಕಾಲು ಯಾವ ನಂಬರ್ ಅಂತ ಕೇಳು, ಹೇಳಲಿ!”

ಮೇಷ್ಟ್ರು ಹಲ್ಲು ಕಿರಿದರು.

“ಐದು! ನೀನಾದ್ರೂ ನೆನಪಿಟ್ಕೋ. ಇವನಿಗೆ ನನ್ನ ಕಾಲು ಕಾಣಲ್ಲ, ಸದ್ದು ಮಾಡಲ್ವಲ್ಲ!”

“ಕಾಲು ಮಾಡಲ್ಲ ಅಕ್ಕಾ,” ಎಂದೆ. ನನಗೂ ಒಂದಿಷ್ಟು ಬೈಗುಳ ಬಿತ್ತು.

ಹತ್ತೊಂಬತ್ತನೆಯ ವರ್ಷ ಮೇಷ್ಟ್ರು ಒಬ್ಬರೇ ಬಂದರು. ಗಟ್ಟಿ ಹಿಮ್ಮಡಿಯದನ್ನು ಮುಟ್ಟಲಿಲ್ಲ. ಮೆತ್ತನೆಯ ರಬ್ಬರಿನದು, ನೆಲಕ್ಕೆ ಸವರಿಕೊಂಡು ಎಳೆಯುವಂಥದ್ದು ಕೇಳಿದರು. ಅದಕ್ಕೆ ತಕ್ಕಂತೆ ದೊಡ್ಡತ್ತೆಯೂ ಬದಲಾದಳು. ಮೂರು ಮಾತು ಆಡುವಳು, ನಾಲ್ಕು ಹೆಜ್ಜೆ ಹಾಕುವಳು, ಮತ್ತೆ ಮೂರು ಮಾತು. ಚಿಕ್ಕ ಸೊಸೆ ಹಾಲು ಉಕ್ಕಿಸಿದಾಗ “ಹೋಗಲಿ ಬಿಡು ಮಗಳೇ” ಎಂದಳು. ಊರಿಗೆ ಊರೇ ಕರಗಿಹೋಯಿತು. ದೊಡ್ಡತ್ತೆಗೆ ಕೊನೆಗೂ ಬುದ್ಧಿ ಬಂತು, ಈಗ ಅಳೆದು ತೂಗಿ ಮಾತಾಡುತ್ತಾಳೆ ಎಂದು ಸ್ಟೇಷನ್ನಿಗೆ ಕಾಗದಗಳ ರಾಶಿ ಬಿತ್ತಂತೆ. ನನ್ನ ಹೆಂಡತಿಯಂತೂ ದೊಡ್ಡತ್ತೆ ಬಂದೊಡನೆ ನಮ್ಮಮ್ಮನಿಗೆ ಕೇಳಲೆಂದು ರೇಡಿಯೋ ಜೋರು ಮಾಡುತ್ತಿದ್ದಳು.

ಮುಂದಿನ ಸಲ ಮೇಷ್ಟ್ರು ಬಂದಾಗ ನಾನು ಸುಮ್ಮನಿರಬಾರದೆ? “ಏನ್ ಮೇಷ್ಟ್ರೇ, ದೊಡ್ಡತ್ತೆ ಸಾಧು ಆಗಿಬಿಟ್ಲು! ಮನೇಲೂ ಹಂಗೇನಾ? ನಿಮಗಿನ್ನು ಸುಖವೋ ಸುಖ!”

ಮೇಷ್ಟ್ರು ಕೈಗೆ ತೊಟ್ಟ ಚಪ್ಪಲಿಗಳನ್ನು ತೆಗೆಯದೆ ಸ್ಟೂಲಿನ ಮೇಲೆ ಕೂತರು.

“ಅವಳಿಗೆ ಉಸಿರಿಲ್ಲ ಸಾಹುಕಾರ್ರೇ. ಶ್ವಾಸಕೋಶ ಹೋಗಿದೆ ಅಂತಾರೆ ಡಾಕ್ಟ್ರು. ಮೂರು ಮಾತಿಗೆ ಒಂದು ಸಲ ಎಳ್ಕೋಬೇಕು. ಆ ಎಳೆಯೋ ಸದ್ದು ಮೈಕಿಗೆ ಬೀಳಬಾರದು ಅಂತ ನಾನು ಅಲ್ಲಿ ಹೆಜ್ಜೆ ಹಾಕ್ತೀನಿ.”

ನಾನು ಇನ್ನೊಂದು ಸ್ಟೂಲು ಎಳೆದುಕೊಂಡು ಅವರ ಎದುರು ಕೂತೆ.

“ಯಾರಿಗೂ ಹೇಳಬೇಡಿ. ಗೊತ್ತಾದ್ರೆ ಬೇರೆಯವರಿಗೆ ಕೊಡ್ತಾರೆ. ‘ನಾನು ಇರೋಷ್ಟು ದಿನ ದೊಡ್ಡತ್ತೆ ನನ್ನ ಬಾಯಲ್ಲೇ ಇರಬೇಕು, ನಡೆಸ್ಕೊಡು’ ಅಂದ್ಲು. ಬರೆಯೋನಿಗೆ ಅವಳೇ ಹೇಳಿದ್ದು, ದೊಡ್ಡತ್ತೆಗೆ ವಯಸ್ಸಾಯ್ತು, ಮೆತ್ತಗೆ ಬರಿ ಅಂತ.”

“ಮನೇಲಿ…?”

“ಮನೇಲಿ ಮಾತೇ ಇಲ್ಲ. ಉಸಿರನ್ನೆಲ್ಲ ಶನಿವಾರದ ರೆಕಾರ್ಡಿಂಗಿಗೆ ಅಂತ ಇಟ್ಕೋತಾಳೆ. ಮೊನ್ನೆ ಬೇಕಂತಲೇ ಒದ್ದೆ ಟವಲನ್ನ ಹಾಸಿಗೆ ಮೇಲೆ ಹಾಕಿದೆ. ಬೈತಾಳೇನೋ ಅಂತ.” ಎರಡು ಚಪ್ಪಲಿಗಳನ್ನೂ ಮಂಡಿಯ ಮೇಲೆ ಜೋಡಿಸಿಕೊಂಡರು. “ಎತ್ತಿ ಒಣಗಿಸಿದ್ಲು. ಅಷ್ಟೇ.”

ಆಮೇಲೆ ನನಗೆ ಆ ನಾಟಕ ಕೇಳಲಾಗುತ್ತಿರಲಿಲ್ಲ, ಕೇಳದೆ ಇರಲೂ ಆಗುತ್ತಿರಲಿಲ್ಲ. ಮೂರು ಮಾತಿಗೆ ನಾಲ್ಕು ಹೆಜ್ಜೆ ಇದ್ದದ್ದು ಎರಡು ಮಾತಿಗೆ ಆರು ಆಯಿತು. ನಾನು ಎಣಿಸುತ್ತಾ ಕೂರುತ್ತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ “ಎಂಥಾ ತಾಳ್ಮೆ ನೋಡಿ!” ಎನ್ನುತ್ತಿದ್ದಳು.

ಇಪ್ಪತ್ತೆರಡನೆಯ ವರ್ಷ ಅಕ್ಕ ಹೋದರು. ಒಂದು ಗುರುವಾರ. ಆ ಶನಿವಾರದ ಮಾತುಗಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದರಂತೆ.

ಸ್ಟೇಷನ್ನಿನವರು ಸಾವಿನ ಸುದ್ದಿಯನ್ನು ರೇಡಿಯೋದಲ್ಲಿ ಹೇಳಲಿಲ್ಲ. ದೊಡ್ಡತ್ತೆ ಮಗಳ ಮನೆಗೆ ಹೊರಟಳು ಎಂದು ಕಥೆ ತಿರುಗಿಸಿ ನಾಟಕವನ್ನು ಅಲ್ಲಿಗೇ ಮುಗಿಸುವುದೆಂದು ಗೊತ್ತುಮಾಡಿದರು. ಮಾತು ಬೇಡ, ಹೊರಟುಹೋಗುವ ನಡಿಗೆ ಸಾಕು. ಮೇಷ್ಟ್ರು ಅಂಗಡಿಗೆ ಬಂದರು. ನಾನು ಕೇಳದೆಯೇ ರಬ್ಬರಿನ ಜೊತೆ ಮುಂದಿಟ್ಟೆ.

“ಇದಲ್ಲ. ಆ ಮೊದಲಿನದು ಇದೆಯಾ? ಜಗಳದ್ದು?”

ಆ ಮಾಲು ಬರುವುದು ನಿಂತು ಯಾವ ಕಾಲವಾಯಿತೋ. ಏಣಿ ಹಾಕಿ ಅಟ್ಟವೆಲ್ಲ ತಡಕಿದೆ. ಧೂಳು ಹಿಡಿದ ಡಬ್ಬಿಯೊಂದರಲ್ಲಿ ಒಂದೇ ಒಂದು ಜೊತೆ ಸಿಕ್ಕಿತು. ಮೇಷ್ಟ್ರು ಕೈಗೆ ತೊಡಲಿಲ್ಲ, ಮೇಜಿಗೆ ಬಡಿಯಲಿಲ್ಲ. ಅಡಿ ತಿರುಗಿಸಿ ಕಣ್ಣಿನ ಹತ್ತಿರ ಹಿಡಿದರು. ನಂಬರಿನ ಅಚ್ಚು ಮಾಸಿಹೋಗಿತ್ತು.

“ಇದು ಎಷ್ಟು ನಂಬರು?”

ಇಷ್ಟು ವರ್ಷದಲ್ಲಿ ಅವರು ನಂಬರ್ ಕೇಳಿದ್ದು ಅದೇ ಮೊದಲು. ಅದು ಆರು.

“ಐದು,” ಎಂದೆ.

ಕೊನೆಯ ಕಂತಿನ ದಿನ ಅಂಗಡಿಯಲ್ಲೇ ರೇಡಿಯೋ ಹಾಕಿದೆ. ಸೊಸೆಯರು ಅಳುತ್ತಿದ್ದರು. ಒಳಗಿನಿಂದ ಹೆಜ್ಜೆ ಬಂತು. ಟಕ, ಟಕ, ಟಕ. ಮೂರು ವರ್ಷ ಕೇಳದಿದ್ದ ಸದ್ದು. ನಾನು ಕೂತಲ್ಲೇ ನೆಟ್ಟಗಾದೆ. ಬಾಗಿಲವರೆಗೆ ಬಂದು ನಿಂತಿತು. ಏನೂ ಇಲ್ಲ. ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ರೇಡಿಯೋ ಸುಮ್ಮನಿತ್ತು. ಕೆಟ್ಟುಹೋಯಿತೇನೋ ಎಂದು ಗಿರಾಕಿಯೊಬ್ಬರು ಅದರ ತಲೆಗೆ ತಟ್ಟಲು ಬಂದರು, ಕೈ ಹಿಡಿದು ನಿಲ್ಲಿಸಿದೆ. ಆಮೇಲೆ ಟಕ, ಟಕ, ಟಕ, ಮೆಟ್ಟಿಲಿಳಿದು ಹೋಯಿತು.

ಮರುದಿನ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಕಾಲು ಚಾಚಿ ಶುರುಮಾಡಿದಳು. “ಕೇಳಿದ್ರಾ ನಿನ್ನೆ? ಅಷ್ಟು ಒಳ್ಳೆಯವಳಾಗಿದ್ಲು ದೊಡ್ಡತ್ತೆ. ಹೋಗೋವಾಗ ಒಂದು ಒಳ್ಳೆ ಮಾತೂ ಆಡದೆ ಹಂಗೆ ದಡದಡ ಅಂತ ಹೋಗೋದಾ? ಹುಟ್ಟುಗುಣ ಎಲ್ಲಿ ಹೋಗುತ್ತೆ ಹೇಳಿ!”

“ಹೌದಮ್ಮ,” ಎಂದೆ. “ನಿಮ್ಮದು ಆರೋ, ಏಳೋ?”