ಮಾತಾಡಬ್ಯಾಡ್ರಿ, ಹುಡುಗಿ ಓದಾಕ ಹತ್ಯಾಳ

ಸ್ವಂತ ಮನಿಯಾಗ ಬಾಯಿ ಮುಚ್ಚಿಕೊಂಡು ಕುಂತೀರೇನು ಯಾವಾಗರ?

ನಾ ಕುಂತಿದ್ದೆ. ಈ ಸಲ ಬ್ಯಾಸಗಿ ಶುರು ಆಗೂ ಹೊತ್ತಿಗೆ, ನನ್ನ ಎರಡು ಖೋಲಿ ಮನಿಯಾಗ. ಕೆಮ್ಮು ಬಂದ್ರ ಸೆರಗು ಬಾಯಿಗೆ ತುರುಕಿಕೊಂಡು ಓಣಿಗೆ ಹೋಗಿ ಕೆಮ್ಮಿ ಬರತಿದ್ದೆ. ಯಾಕಂದ್ರ ಒಳಗ ಹುಡುಗಿ ಓದಾಕ ಹತ್ತಿದ್ಲು.

(ಹೋದ ವಾರ ಇದ ಪತ್ರಿಕಾದಾಗ ನಾ ಬರದ ಬಸ್‌ಸ್ಟ್ಯಾಂಡ್ ಜಗಳ ಓದಿ ನನ್ನ ಬೈದವರಿಗೆ ನಮಸ್ಕಾರ. ಈ ವಾರ ಜಗಳ ಕಡಿಮಿ. ಸುಮ್ಮನ ಕುಂತಿದ್ದರ ಕಥಿ ಇದು.)

ಹುಡುಗಿ ನನ್ನಾಕಿ ಅಲ್ಲ. ಬಾಜೂ ಮನಿ ಶಾಂತವ್ವನ ಮಗಳು ನೀಲಾ. ಹತ್ತನೇ ಕ್ಲಾಸು. ಆಕಿ ನನ್ನ ಮನಿಗೆ ಬಂದದ್ದಕ್ಕ ಸಾಲಿಯೊಳಗಿನ ಒಂದು ಮೀಟಿಂಗ್ ಕಾರಣ.

ಧಾರವಾಡದಿಂದ ಒಬ್ಬರು ಡಾಕ್ಟರ್‌ಬಾಯಿ ಬಂದಿದ್ರು. ಜಡ್ಡಿಗೆ ಔಷಧ ಕೊಡೂ ಡಾಕ್ಟರಲ್ಲ, ಮೆದುಳಿನ ಶಾಸ್ತ್ರ ಓದಿದವರಂತ. ಹುಡುಗರಿಗೆ ಲಕ್ಷ್ಯ ಹೆಂಗ ಬರತೈತಿ, ಕಲತದ್ದು ತಲಿಯಾಗ ಹೆಂಗ ನಿಲ್ಲತೈತಿ ಅಂತ ತಾಯಂದಿರಿಗೆ ಹೇಳಾಕ ಬಂದಿದ್ರು. ನನ್ನ ಯಾರೂ ಕರದಿರಲಿಲ್ಲ. ಆದ್ರ ಮೀಟಿಂಗ್ ಅಂದ್ರ ಚಾ ಇರತೈತಿ, ನಾಕು ಮಂದಿ ಮಾತಾಡತಾರ. ಹೋಗಿ ಮುಂದ ಕುಂತೆ.

ಗ್ವಾಡಿಗೆ ಮೆದುಳಿನ ಚಿತ್ರ ಹಚ್ಚಿದ್ರು. ಥೇಟ್ ಹೂಕೋಸು. ಇದರಾಗ ಇಷ್ಟೆಲ್ಲಾ ಚಾಡಿ, ಸಿಟ್ಟು, ಲೆಕ್ಕ ಹೆಂಗ ಹಿಡೀತಾವೋ ಅನಸ್ತು.

‘ಮೆದುಳಿಗೆ ಒಂದೇ ಸಲಕ್ಕೆ ಎರಡು ಕಡೆ ಲಕ್ಷ್ಯ ಕೊಡಲಿಕ್ಕೆ ಬರಂಗಿಲ್ರಿ,’ ಅಂದ್ರು ಡಾಕ್ಟರ್‌ಬಾಯಿ. ‘ಒಂದು ಕಡೆ ಟಿವಿ ನಡದಿರತದ, ಇನ್ನೊಂದು ಕಡೆ ನೀವು ಹರಟಿ ಹೊಡೀತಿರತೀರಿ. ಹುಡುಗರು ಪುಸ್ತಕ ಹಿಡದು ಕುಂತಿರತಾರ. ಓದಿದ್ದು ಒಳಗೇ ಹೋಗಂಗಿಲ್ಲ. ಓದೋ ಹೊತ್ತಿಗೆ ಮನೀ ಶಾಂತ ಇಡ್ರಿ.’

ತಾಯಂದಿರೆಲ್ಲಾ ಹೌದ್ರೀ ಹೌದ್ರೀ ಅಂದ್ರು. ಹಿಂದ ಕುಂತಿದ್ದ ಹತ್ತನೇ ಕ್ಲಾಸಿನ ಹುಡುಗೀರು ಕಿಸಕ್ಕಂದ್ರು.

‘ಇದು ಅರ್ಧ ಮಾತು. ಇನ್ನರ್ಧ ಇದಕ್ಕಿಂತ ದೊಡ್ಡದು,’ ಅಂತ ಅವರು ಚಾಕ್‌ಪೀಸ್ ತಗೊಳ್ಳೂದಕ್ಕೂ, ಹೊರಗ ಯಾರೋ ‘ನಳಾ ಬಂತ್ರ್ಯೋ!’ ಅಂತ ಒದರೂದಕ್ಕೂ ಸರಿ ಹೋತು.

ನಮ್ಮ ಬೈಲಹೊಂಗಲದಾಗ ನಳಾ ಬಂತಂದ್ರ ಏನಂತ ನಿಮಗ ಬಿಡಿಸಿ ಹೇಳಬೇಕೇನು? ಎಂದು ಬರತೈತಿ ಗೊತ್ತಿಲ್ಲ, ಎಷ್ಟೊತ್ತು ಇರತೈತಿ ಗೊತ್ತಿಲ್ಲ. ತಾಯಂದಿರು ಎದ್ದ ರಭಸಕ್ಕ ಜಮಖಾನ ಮುದ್ದಿ ಆತು. ನಾನೂ ಓಡಿದೆ. ಮುದುಕಿಗೆ ನೀರಡಿಕಿ ಆಗೂದಿಲ್ಲೇನು? ಬಾಗಲದಾಗ ಹೊಳ್ಳಿ ನೋಡಿದೆ. ಡಾಕ್ಟರ್‌ಬಾಯಿ ಚಾಕ್‌ಪೀಸ್ ಹಿಡಕೊಂಡು ನಿಂತಿದ್ರು. ಎದುರಿಗೆ ಹುಡುಗೀರಷ್ಟ ಉಳದಿದ್ರು.

ಅರ್ಧ ಲೆಕ್ಚರ್ ಕೇಳಿ ಓಣಿ ತುಂಬ ಪೂರ್ತಿ ಶಿಸ್ತು ಶುರು ಆತು.

ನಮ್ಮ ಮನಿತನಗಳೊಳಗ ಒಂದು ರೂಢಿ ಐತಿ. ಅಂಗೈಯಾಗ ಲಿಂಗ ಇಟಗೊಂಡು ಪೂಜಿಗೆ ಕುಂತವರನ್ನ ಮಾತಾಡಸಬಾರದು. ಮನಿಗೆ ಬೆಂಕಿ ಬಿದ್ರೂ ಅವರು ಕಣ್ಣು ತೆರಿಯೂತನಕ ಕಾಯಬೇಕು ಅನ್ನೂವಷ್ಟು ಬಿಗಿ. ಶಾಂತ ಇಡ್ರಿ ಅಂದಿದ್ದು ನಮ್ಮ ಹೆಣಮಕ್ಕಳಿಗೆ ಹಂಗ ತಿಳೀತು. ಲಿಂಗದ ಜಾಗಾದಾಗ ಪುಸ್ತಕ ಬಂತು, ಅಷ್ಟ. ಹುಡುಗಿ ಓದಾಕ ಕುಂತ್ಲಂದ್ರ ಯಾರೂ ಮಾತಾಡಸೂದಿಲ್ಲ. ಉಂಡೆಯೇನವಾ ಅಂತ ಕೇಳೂದೂ ಇಲ್ಲ.

ಶಾಂತವ್ವನ ಮನಿಯಾಗ ಇದು ನಡೀಲಿಲ್ಲ. ಆಕಿ ಗಂಡ ಬಸಣ್ಣ ಮಾರ್ಕೆಟ್ ಯಾರ್ಡಿನಿಂದ ಬಂದು ಟಿವಿ ಹಚ್ಚಿದ್ರ ಮಲಗೂತನಕ ಆರಿಸೂದಿಲ್ಲ. ಕೇಬಲ್ ಬಂದ ಮ್ಯಾಲಂತೂ ಮುಗದ ಹೋತು. ಅದಕ್ಕ ಆಕಿ ನನ್ನ ಕಡೆ ಬಂದ್ಲು.

‘ದೊಡ್ಡವ್ವಾ, ನಿಮ್ಮ ಮನಿ ಭಾಳ ಶಾಂತ ಐತಿ ನೋಡ್ರಿ.’

ನನ್ನ ಮನಿಯನ್ನ ಯಾರರ ಹೊಗಳಿದ್ದು ಅದ ಮೊದಲು. ಶಾಂತ ಯಾಕಿರೂದಿಲ್ಲ? ಮಕ್ಕಳಾಗಲಿಲ್ಲ. ಗಂಡ ಹೋದ. ಸಾಲಹಳ್ಳಿ ಮನಿ ಮೈದುನರಿಗೆ ಬಿಟ್ಟು ಅಣ್ಣನ ಈ ಮನಿಗೆ ಬಂದೆ, ಅಣ್ಣನೂ ಹೋದ. ಇಂಥಾದ್ದಕ್ಕೂ ಗಿರಾಕಿ ಬರತಾರಂತ ನನಗ ಗೊತ್ತಿರಲಿಲ್ಲ.

‘ಕಳಸು,’ ಅಂದೆ.

‘ಆದ್ರ ನೀವು ಆಕಿನ್ನ ಮಾತಾಡಸಬ್ಯಾಡ್ರಿ. ರೊಟ್ಟಿ ಬಡೀಬ್ಯಾಡ್ರಿ. ಖಾರ ಕುಟ್ಟಬ್ಯಾಡ್ರಿ.’

‘ಉಸಿರಾಡ್ಲೇನು?’

‘ಸಾವಕಾಶ ಆಡ್ರಿ,’ ಅಂದ್ಲು. ನಗಲಿಲ್ಲ.

ನಗೂ ಹಂಗೂ ಇರಲಿಲ್ಲ ಆಕಿ. ಮುರಗೋಡದಾಗ ಆಕಿ ತಮ್ಮ ಅದಾನ. ಹುಡುಗಿ ಫೇಲಾದ್ರ ಅವಗ ಕೊಟ್ಟು ಮದುವಿ ಮಾಡೂದು ಅಂತ ಬಸಣ್ಣ ಮಾತು ಕೊಟ್ಟು ಕುಂತಿದ್ದ. ಪಾಸಾದ್ರ ಕಾಲೇಜು. ಉಳದದ್ದೆಲ್ಲಾ ನೀಲಾ ಹೆಂಗರ ದಾಟತಿದ್ಲು, ವಿಜ್ಞಾನ ಒಂದು ಕಾಲು ಹಿಡದು ಜಗ್ಗತಿತ್ತು.

ದಿನಾ ಸಂಜಿಗೆ ಬಂದು ಕುಂತ್ಲು. ನಾ ಮುಂಜಾನೆ ಬಡದ ರೊಟ್ಟಿ ಸಂಜಿಗೆ ತಂಪಾಗಿ ತಿಂದೆ. ಅದೂ ಕಡಕ್ಕಂತ ಸಪ್ಪಳ ಆಗತೈತಂತ ಹಾಲಿನ್ಯಾಗ ನೆನಸಿ.

ಮೊದಲು ಒಬ್ಬಾಕಿ ಇದ್ದಾಗ ಹಾಲು ಉಕ್ಕಿದ್ರ ಹಾಲಿಗೆ ಬೈತಿದ್ದೆ. ಬೆಕ್ಕಿಗೆ ಬೈತಿದ್ದೆ. ಸತ್ತ ಗಂಡಗೂ ಆಗಾಗ ನಾಕು ಮಾತು ಹೇಳತಿದ್ದೆ, ಇದ್ದಾಗಂತೂ ಕೇಳಲಿಲ್ಲ, ಈಗರ ಕೇಳಲಿ ಅಂತ. ಈಗ ಅದೂ ಬಂದ್. ಮನಿಗೆ ಒಂದು ಜೀವ ಬಂದ ಮ್ಯಾಲೆ ನಾ ಮೊದಲಿಗಿಂತ ಒಂಟಿ ಆದೆ. ಇದಕ್ಕ ಏನಂತಾರ್ರಿ?

ಹುಡುಗಿ ಏನ ಓದತಿದ್ಲು? ಪುಸ್ತಕ ಅಂಗೈಯಾಗ, ತುಟಿ ಪಿಟಿಪಿಟಿ, ಕಣ್ಣು ಗ್ವಾಡಿ ಮ್ಯಾಲಿನ ಹಲ್ಲಿ ಕಡೆ. ಹಲ್ಲಿ ಅತ್ತಾಗ ಹೋದ್ರ ಕಣ್ಣೂ ಅತ್ತಾಗ. ಪುಸ್ತಕದ ಹಾಳಿ ಮಾತ್ರ ಸಂಜಿಯಿಂದ ಒಂದೂ ತಿರುವಿರಲಿಲ್ಲ. ಶಾಂತ ಇದ್ದ ಕಡೆ ಲಕ್ಷ್ಯ ತಾನ ಬಂದು ಕುಂಡ್ರತೈತಿ ಅಂತ ಯಾರು ಹೇಳಿದ್ರು?

ಪರೀಕ್ಷಾಕ್ಕ ಮೊದಲು ಸಾಲಿಯವರು ಒಂದು ತಯಾರಿ ಪರೀಕ್ಷಾ ಇಡತಾರ. ಅದರ ನಂಬರ್ ಬಂದ ದಿನ ಬಸಣ್ಣ ನನ್ನ ಬಾಗಲದಾಗ ಬಂದು ನಿಂತ.

‘ವಿಜ್ಞಾನ ಮತ್ತ ಫೇಲ್,’ ಅಂದ. ‘ಇಷ್ಟ ಶಾಂತ ಕುಂಡ್ರಿಸಿದ್ರೂ ಫೇಲ್. ಮುರಗೋಡದವರಿಗೆ ಬರ್ರಿ ಅಂತ ಹೇಳೂದ ಛಲೋ.’ ಹೇಳಿ ಹೋದ.

ನೀಲಾ ಅಳಲಿಲ್ಲ. ಪುಸ್ತಕ ಹಿಡಕೊಂಡು ಗ್ವಾಡಿ ನೋಡಿದ್ಲು. ಅವತ್ತು ಹಲ್ಲಿನೂ ಇರಲಿಲ್ಲ.

ನನಗ ತಡೀಲಿಲ್ಲ. ಕನಿಕರ ಅಂತ ತಿಳೀಬ್ಯಾಡ್ರಿ. ಮಾತಿಲ್ಲದ ಬಾಯಿ ಕಡೀತಿತ್ತು.

‘ಏನೈತಿ ಅದರಾಗ?’ ಅಂದೆ.

ಪೂಜಿ ಕೆಟ್ಟವರಂಗ ಬೆಚ್ಚಿದ್ಲು. ‘ಹೃದಯ, ಆಯಿ.’

‘ಏನ ಮಾಡತೈತಿ ಅದು?’

ಪುಸ್ತಕ ನೋಡಿ ರೈಲು ಬಿಟ್ಟಂಗ ಓದಾಕ ಹತ್ತಿದ್ಲು.

‘ಓದಬ್ಯಾಡ. ಓದೂದು ನನಗೂ ಬರತೈತಿ.’ (ಓಣಿ ಓಣಿಗೆ ಬಂದು ಮುದುಕರಿಗೂ ಅಕ್ಷರ ಕಲಿಸಿದ್ರಲ್ಲ, ಆವಾಗ ಕಲತದ್ದು. ನಿಧಾನ ಓದತೇನಿ, ಇನ್ನೂ ನಿಧಾನ ಬರೀತೇನಿ. ಒತ್ತಕ್ಷರ ಪತ್ರಿಕಾದವರು ತಿದ್ದತಾರ.) ‘ಓದಿದ್ರ ನನಗ ತಿಳಿಯೂದಿಲ್ಲ. ಪುಸ್ತಕ ಮುಚ್ಚಿ ಹೇಳು.’

ಪುಸ್ತಕ ಮುಚ್ಚಿತು. ಬಾಯಿನೂ ಮುಚ್ಚಿತು. ಅಷ್ಟು ದಿನ ಓದಿದ್ದು ಒಂದೂ ಹೊರಗ ಬರಲಿಲ್ಲ. ಕಡೀಕ ಅಂದ್ಲು, ‘ನಾಕು ಖೋಲಿ ಇರತಾವು.’

‘ನನ್ನ ಮನಿಗಿಂತ ದೊಡ್ಡದಾತು.’

ನಕ್ಕಳು. ಆಕಿ ಹಲ್ಲು ನಾ ನೋಡಿದ್ದ ಅವತ್ತು. ‘ನಡುವ ಬಾಗಲಾ ಇರತಾವ, ಆಯಿ. ಒಂದ ಕಡೆ ತೆರೀತಾವ. ಹೋದ ರಕ್ತ ಹೊಳ್ಳಿ ಬರಂಗಿಲ್ಲ.’

‘ಹೋಗಿ ಎಲ್ಲಿ ಕುಂಡ್ರತೈತಿ?’

ಪುಸ್ತಕ ತೆರದು ನೋಡಿದ್ಲು, ಹೇಳಿಸಿಕೊಳ್ಳದ ತಾನ ಮುಚ್ಚಿದ್ಲು. ‘ಶ್ವಾಸಕೋಶಕ್ಕ ಹೋಗತೈತಿ. ಅಲ್ಲಿ ಗಾಳಿ ತಗೊಂಡು ಹೃದಯಕ್ಕ ಬರತೈತಿ.’

‘ಹೊಳ್ಳಿ ಬರಂಗಿಲ್ಲ ಅಂದಿ ಈಗರ?’

‘ಬ್ಯಾರೆ ಬಾಗಲದಿಂದ ಬರತೈತಿ, ಆಯಿ! ಹಿತ್ತಲ ಬಾಗಲದಿಂದ ಹೋಗಿ ಮುಂದಿನ ಬಾಗಲದಿಂದ ಬಂದಂಗ!’

ಮರುದಿನದಿಂದ ಒಲಿ ಹಚ್ಚಿದೆ. ನಾ ರೊಟ್ಟಿ ಬಡಿಯೂದು, ಆಕಿ ಎದುರಿಗೆ ಕುಂತು ಹೇಳೂದು. ಬಿಸಿ ರೊಟ್ಟಿ, ಶೇಂಗಾ ಚಟ್ನಿ. ನಾ ಕೇಳಿದ್ದ ಕೇಳತಿದ್ದೆ. ಆಕಿ ನನ್ನ ಮ್ಯಾಲೆ ರೇಗತಿದ್ಲು.

‘ನಿನ್ನಿನ ಹೇಳೇನಲ್ಲ! ತಲಿಯಾಗ ಏನೈತಿ ನಿನ್ನ?’

‘ಹೂಕೋಸು.’

ಖರೇನ ಮರತಿರತಿದ್ದೆ. ನಾಟಕ ಮಾಡೂವಷ್ಟು ಬುದ್ಧಿ ನನಗಿಲ್ಲ. ನಾ ಮರತಂಗೆಲ್ಲಾ ಆಕಿ ಮತ್ತೊಂದು ತರಾ ಹೇಳತಿದ್ಲು. ಹಲ್ಲಿ ಬಂದು ಹೋದ್ರೂ ಈಗ ಆಕಿಗೆ ಗೊತ್ತಾಗತಿರಲಿಲ್ಲ.

ಒಂದಿನ ಶಾಂತವ್ವ ಹಿತ್ತಲದಾಗ ಬಟ್ಟಿ ತಗೀಲಿಕ್ಕೆ ಬಂದಾಕಿ ರೊಟ್ಟಿ ಸಪ್ಪಳಾ ಕೇಳಿದ್ಲು. ಮ್ಯಾಲೆ ನಮ್ಮಿಬ್ಬರ ಮಾತು, ನಗಿ. ಒಳಗ ನುಗ್ಗಿದ್ಲು.

‘ದೊಡ್ಡವ್ವಾ! ನಿಮ್ಮನ್ನ ನಂಬಿ ಕಳಿಸಿದ್ನಿ. ಒಬ್ಬಾಕಿ ಇರತೀರಿ, ಮಾತಿಗೆ ಯಾರರ ಬೇಕು ನಿಮಗ. ಅದಕ್ಕ ನನ್ನ ಮಗಳ ಬಾಳೇವು ಹಾಳು ಮಾಡತೀರೇನು?’

ಖರೇನ ಅಂದಿದ್ಲು. ನನಗ ಮಾತಿಗೆ ಯಾರರ ಬೇಕಾಗಿತ್ತು. ಹುಡುಗಿ ಉದ್ಧಾರ ಆಗಲಿ ಅಂತ ನಾ ಬಾಯಿ ತೆರದಿರಲಿಲ್ಲ. ‘ಹೌದು,’ ಅಂದೆ.

ನೀಲಾ ಎದ್ದು ನಿಂತ್ಲು. ‘ಅವ್ವಾ, ಸಿಟ್ಟು ಆಮ್ಯಾಲೆ ಮಾಡು. ಮೊದಲು ಕುಂಡ್ರು.’ ಪರಾತದಾಗಿನ ಜೋಳದ ಹಿಟ್ಟಿನ್ಯಾಗ ಬೆರಳಿಲೆ ನಾಕು ಖೋಲಿ ತಗದ್ಲು, ಬಾಗಲಾ ತಗದ್ಲು. ರಕ್ತ ಎಲ್ಲಿಂದ ಬಂತು, ಎಲ್ಲಿಗೆ ಹೋತು, ಎಲ್ಲಾ ಹೇಳಿದ್ಲು. ಪುಸ್ತಕ ಮೂಲ್ಯಾಗ ಮುಚ್ಚಿತ್ತು.

ಶಾಂತವ್ವ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಹಿಟ್ಟು ನೋಡಕೋತ ಕುಂತ್ಲು. ಆಮ್ಯಾಲೆ ಕೇಳಿದ್ಲು, ‘ಮತ್ತ ಬಾಗಲಾ ಸರಿ ಮುಚ್ಚಲಿಲ್ಲಂದ್ರ?’

ಇಷ್ಟು ದಿನದಾಗ ನನಗ ಹೊಳಿಯಲಾರದ ಪ್ರಶ್ನಿ. ನೀಲಾನ ಮಾರಿ ಅರಳಿತು. ‘ತಡಿ, ಅದನ್ನೂ ಹೇಳತೇನಿ.’

‘ಇಲ್ಲಿ ಬ್ಯಾಡ. ಮನಿಗೆ ನಡಿ, ನನಗ ಹೇಳೀಯಂತ.’

‘ಟಿವಿ?’

‘ವಾಯರ್ ಕಿತ್ತು ನಿಮ್ಮಪ್ಪನ ಕೈಯಾಗ ಕೊಡತೇನಿ.’

ಹೋದ್ರು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಆಗಿತ್ತು. ಬೆಕ್ಕೂ ಮೂಸಲಿಲ್ಲ.

ಆಮ್ಯಾಲೆ ನೀಲಾ ಓದಾಕ ಬರಲಿಲ್ಲ. ದಿನಾ ಸಂಜಿಗೆ ಆಕಿ ಹೇಳೂದು, ಶಾಂತವ್ವ ಕೇಳೂದು ನನಗ ಕೇಳಸತಿತ್ತು. ಗ್ವಾಡಿಗೆ ಕಿವಿ ಹಚ್ಚಿದ್ದೆ ಅಂತ ಅಲ್ಲ. ನಡುವಿನ ಗ್ವಾಡಿ ತೆಳ್ಳಗ ಐತಿ.

ಈ ವಾರ ರಿಸಲ್ಟ್ ಬಂತು. ನೀಲಾ ಪಾಸ್. ವಿಜ್ಞಾನದಾಗೂ ಪಾಸ್. ಮುರಗೋಡದ ಸೋದರಮಾವಗ ಬ್ಯಾರೆ ಹೆಣ್ಣು ನೋಡಾಕ ಹತ್ಯಾರ. ನೀಲಾ ಪೇಡೆ ತಂದು ನನ್ನ ಬಾಯಿಗೆ ಇಟ್ಲು.

‘ಆಯಿ, ಡಾಕ್ಟರ್‌ಬಾಯಿ ಅವತ್ತ ಇದನ್ನ ಹೇಳಿದ್ರು, ಗೊತ್ತೇನು? ಓದಿದ್ದನ್ನ ಪುಸ್ತಕ ಮುಚ್ಚಿ ನೆನಪು ಮಾಡಿಕೋರಿ, ಇನ್ನೊಬ್ಬರಿಗೆ ಬಿಡಿಸಿ ಹೇಳ್ರಿ, ಅಂದ್ರ ಮೆದುಳಿನ್ಯಾಗ ಗಟ್ಟಿ ಕುಂಡ್ರತೈತಿ ಅಂತ. ಅಂಜಿಕಿ ಹಾಕಿದ್ರ ಕಲಿಯೂದು ಆಗಂಗಿಲ್ಲ ಅಂತನೂ ಹೇಳಿದ್ರು. ನೀವೆಲ್ಲಾ ನೀರಿಗೆ ಓಡಿದ್ರಿ.’

‘ಹುಚ್ಚಿ, ಮೊದಲ ಯಾಕ ಹೇಳಲಿಲ್ಲ?’

‘ಯಾರಿಗೆ ಹೇಳಲಿ? ನನ್ನ ಯಾರೂ ಮಾತಾಡಸತಿರಲಿಲ್ಲಲ್ಲ.’

ಇನ್ನೊಂದು ಪೇಡೆ ಮುರದು ಆಕಿ ಬಾಯಿಗೆ ಇಟ್ಟೆ.

ಅಲ್ರೀ, ಟಿವಿ ಮಾತು ಬ್ಯಾರೆ, ಎದುರಿಗೆ ಕುಂತವರ ಮಾತು ಬ್ಯಾರೆ, ಅಷ್ಟೂ ತಿಳೀಲಿಲ್ಲ ನಮಗ. ಗದ್ದಲಾ ತಗೀರಿ ಅಂದ್ರ ಮನಷ್ಯಾರನ್ನ ತಗದ್ವಿ. ಸಾಲಿಯವರಿಗೂ ಒಂದು ಮಾತು: ಇನ್ನೊಮ್ಮೆ ಮೀಟಿಂಗ್ ಇಟ್ರ ದೊಡ್ಡ ಮಾತು ಮೊದಲ ಹೇಳಸ್ರಿ. ನಳಾ ಯಾರನ್ನೂ ಕೇಳಿ ಬರೂದಿಲ್ಲ.

ನೀಲಾ ಈಗ ಓಣ್ಯಾಗ ಕಂಡ್ರ ‘ಆಯಿ, ಆರಾಮೇನು?’ ಅಂತ ಕೈ ಮಾಡಿ ಹೋಗತಾಳ. ಆರಾಮ ಅಂತೇನಿ. ಅಷ್ಟಕ್ಕ ಮಾತು ಮುಗೀತೈತಿ. ರೊಟ್ಟಿ ಮತ್ತ ಮುಂಜಾನೆನ ಬಡದಿಡತೇನಿ.

ನಿಮ್ಮ ಮನಿಯಾಗ ವಿಜ್ಞಾನ ಹತ್ತಲಾರದ ಹುಡುಗರು ಯಾರರ ಇದ್ರ ನನ್ನ ಕಡೆ ಕಳಸ್ರಿ. ಎಷ್ಟು ಸಲ ಹೇಳಿದ್ರೂ ನನಗ ತಿಳಿಯೂದಿಲ್ಲ, ಖಾತ್ರಿ ಕೊಡತೇನಿ.