ಅಲ್ಲಾಡಬೇಡಿ ಅಕ್ಕ

ಮೆದುಳಿನ ಸ್ಕ್ಯಾನ್ ತೆಗೆಯುವ ಅವಳಿಗೆ ಆಸ್ಪತ್ರೆಯಲ್ಲಿ ನಾವಿಟ್ಟ ಹೆಸರು ‘ಅಲ್ಲಾಡಬೇಡಿ ಅಕ್ಕ’. ಗಾಜಿನ ಈಚೆ ಕೂತು ಮೈಕಿನಲ್ಲಿ ದಿನವಿಡೀ ಹೇಳುವುದು ಅದೊಂದೇ ಮಾತು. ತಲೆ ಕೂದಲೆಳೆಯಷ್ಟು ಅಲ್ಲಾಡಿದರೂ ಚಿತ್ರ ಕಲಸಿಹೋಗುತ್ತದೆ. ಆಗ ಅವಳ ಸಿಡಿಮಿಡಿ ನೋಡಬೇಕು. ದೊಡ್ಡ ಡಾಕ್ಟರೂ ಆ ಬಾಗಿಲಿನತ್ತ ಸುಳಿಯುವುದಿಲ್ಲ. ಪಕ್ಕದ ಕೋಣೆಯಲ್ಲಿ ರಕ್ತ ತೆಗೆಯುವವಳು ನಾನು. ಅವಳ ಡಬ್ಬಿಯ ಊಟದಲ್ಲಿ ಅರ್ಧ ನನ್ನದು, ಹಾಗಾಗಿ ಬೈಗುಳದಲ್ಲೂ ಅರ್ಧ ನನ್ನದೇ.

ಅವಳ ತಾಯಿಗೆ ಕೈಕಾಲು ತಾವಾಗಿಯೇ ಕುಣಿಯುವ ಕಾಯಿಲೆ. ನಡೆದರೆ ಕಾಲು ಒಂದು ಕಡೆ, ಮೈ ಒಂದು ಕಡೆ. ಬೀದಿಯವರು ಕುಡುಕಿ ಎಂದರು. ಮನೆಯವರು ಅಲ್ಲಾಡದೆ ಒಂದು ಕಡೆ ಕೂರಬಾರದೇ ಎಂದು ರೇಗಿದರು. ಕಾಯಿಲೆಗೆ ಹೆಸರು ಸಿಕ್ಕಿದ್ದು ಆಕೆ ಹೋದ ಮೇಲೆ. ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದೂ ಆಗಲೇ ಗೊತ್ತಾಯಿತು. ರಕ್ತ ಕೊಟ್ಟರೆ ತಿಳಿಯುತ್ತಿತ್ತು. ಅಕ್ಕ ಕೊಡಲಿಲ್ಲ. ಮದ್ದೇ ಇಲ್ಲದ ಮೇಲೆ ತಿಳಿದು ಏನು ಮಾಡಲಿ ಎನ್ನುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ.

ಕಳೆದ ವರ್ಷ ಅವಳ ತಮ್ಮನ ಕೈ ಕುಣಿಯತೊಡಗಿತು. ಅವನು ದರ್ಜಿ. ಮೊದಲು ಸೂಜಿಗೆ ದಾರ ಹೋಗದಾಯಿತು, ಆಮೇಲೆ ಕತ್ತರಿ ಗೆರೆ ತಪ್ಪಿತು. ಅಂಗಡಿ ಮುಚ್ಚಿ ಅಕ್ಕನ ಮನೆಗೇ ಬಂದ. ಇಂಥ ಕುಟುಂಬದವರ ಮೆದುಳಿನ ಚಿತ್ರವನ್ನೂ ರಕ್ತದಲ್ಲಿನ ವಂಶವಾಹಿಯನ್ನೂ ಜೋಡಿಸಿ, ಮೆದುಳು ಎಂದಿನಿಂದ ಸವೆಯತೊಡಗುತ್ತದೆ ಎಂದು ನೋಡುವ ಅಧ್ಯಯನ ನಮ್ಮಲ್ಲಿ ನಡೆದಿತ್ತು. ಅವನು ತಾನಾಗಿಯೇ ಸೇರಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಅದು ಎಲ್ಲಿ ಕೂತಿದೆಯೋ ನೋಡೇಬಿಡಲಿ ಎಂದು ನಗುತ್ತಾ ನನ್ನ ಮುಂದೆ ತೋಳು ಚಾಚಿದ.

ಅವನನ್ನು ಸ್ಕ್ಯಾನಿಗೆ ಮಲಗಿಸಿದಾಗ ನಾನೂ ಅಕ್ಕನ ಪಕ್ಕದಲ್ಲಿದ್ದೆ. ಅವಳು ಮೈಕಿನ ಗುಂಡಿ ಒತ್ತಿದಳು. ಮಾತು ಹೊರಡಲಿಲ್ಲ. ಒಳಗಿನಿಂದ ಅವನ ದನಿ ಬಂತು.

“ಊರಿಗೆಲ್ಲ ಹೇಳ್ತೀಯ, ನನಗೊಬ್ಬನಿಗೆ ಯಾಕಕ್ಕಾ ಹೇಳ್ತಿಲ್ಲ?”

“ನಿನ್ನ ಕೈಲಿ ಆಗಲ್ಲ ಕಣೋ.”

“ಹೇಳು. ಆದಷ್ಟು ಆಗ್ಲಿ.”

ಹೇಳಿದಳು. ತಾಯಿಗೆ ಎಲ್ಲರೂ ಹೇಳುತ್ತಿದ್ದುದೂ ಅದೇ ಮಾತು. ಚಿತ್ರ ಮತ್ತೆ ಮತ್ತೆ ಕಲಸಿಹೋಯಿತು, ಅವಳು ಒಮ್ಮೆಯೂ ರೇಗಲಿಲ್ಲ. ಕೊನೆಗೆ ಬಂದದ್ದನ್ನು ನೋಡಿ ಡಾಕ್ಟರು ಇಷ್ಟು ಸಾಕು ಎಂದರು.

ಮುಂದಿನ ವಾರ ಅಕ್ಕ ಆಪ್ತಸಲಹೆಗಾರರ ಹತ್ತಿರ ಕೂತು ಮಾತಾಡಿ, ಅಲ್ಲಿಂದ ನೇರ ನನ್ನ ಕೋಣೆಗೆ ಬಂದು ಕೋಟಿನ ತೋಳು ಮೇಲೆ ಸರಿಸಿದಳು. ಇಷ್ಟು ವರ್ಷ ಬೇಡವೆಂದವಳು ಈಗ ಯಾಕೆ ಎಂದು ಕೇಳಿದೆ.

“ಅವನು ಬಿದ್ರೆ ಎತ್ತೋಳು ನಾನೇ ಅಲ್ವಾ? ನನ್ನ ಕೈ ಗಟ್ಟಿ ಇರುತ್ತೋ ಇಲ್ವೋ, ತಿಳ್ಕೋಬೇಕು. ಇರಲ್ಲ ಅಂದ್ರೆ ಈಗ್ಲೇ ಇನ್ನೊಬ್ಬರನ್ನ ನೋಡ್ಬೇಕು.”

ಎಷ್ಟೋ ಜನರ ರಕ್ತ ತೆಗೆದಿದ್ದೇನೆ, ಹೆದರಿದವಳಲ್ಲ. ಅಂದು ಹೆದರಿದೆ. ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಹತ್ತಿರ ತಂದೆ. ಅವಳ ತೋಳು ಕಲ್ಲಿನ ಹಾಗೆ ನಿಂತಿತ್ತು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

“ಅಲ್ಲಾಡಬೇಡ ಕಣೇ,” ಎಂದಳು.