ಶ್ರಾವಣದಲ್ಲಿ ಮೀನು ನಾರಿದ ಅಂದಾನಯ್ಯ

ಕಿರಂಗೂರಿನ ಅಂದಾನಯ್ಯನಿಗೆ ಎರಡು ವಾರದ ಕೂಲಿ ಬರಬೇಕು. ಕೆಲಸದಲ್ಲೇ ಕಣ್ಣು ಬೆಂದು ಮನೆಯಲ್ಲಿ ಮಲಗಿದ್ದ ದಿನಗಳವು. ಕಂಟ್ರಾಕ್ಟರು ಅದನ್ನು ರಜೆ ಅನ್ನುತ್ತಾನೆ.

ಅಂದಾನಯ್ಯ ಆಲೆಮನೆಯಲ್ಲಿ ಬೆಲ್ಲ ಕಾಯಿಸಿ ಬೆಳೆದ ಆಳು. ಪಾಕ ಹದಕ್ಕೆ ಬಂತೇ ಎಂದು ಬೇರೆಯವರು ಕೊಪ್ಪರಿಗೆಗೆ ಬಗ್ಗಿ ನೋಡಿದರೆ, ಇವನು ದೂರ ಕೂತು ಬೀಡಿ ಸೇದುತ್ತಾ ಮೂಗಲ್ಲೇ ಹೇಳುತ್ತಿದ್ದ. ಹೆಂಡತಿ ಮುತ್ತಮ್ಮನಿಗಿಂತ ಆ ಮೂಗಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಆಲೆಮನೆ ಮುಚ್ಚಿದ ಮೇಲೆ ಪಾಂಡವಪುರದ ಕಡೆಯ ಕೆಮಿಕಲ್ ಫ್ಯಾಕ್ಟರಿ ಸೇರಿ, ಅಮೀನ್ ಅನ್ನುವ ಗ್ಯಾಸಿನ ಸಿಲಿಂಡರಿಗೆ ಪೈಪು ಜೋಡಿಸುವ ಕೆಲಸ ಹಿಡಿದ. ಆ ಗ್ಯಾಸು ಚೂರು ಸೋರಿದರೂ ಕೊಳೆತ ಮೀನಿನ ನಾತ. ಹೆಚ್ಚಾದರೆ ಕಣ್ಣು, ಗಂಟಲು, ಎದೆಯನ್ನೇ ಸುಡುತ್ತದೆ. ಮುಖಕ್ಕೆ ಕಟ್ಟಿಕೊಳ್ಳಲು ಅವನಿಗಿದ್ದದ್ದು ಅವನದೇ ಟವಲ್ಲು.

ಶ್ರಾವಣದ ಒಂದು ಶನಿವಾರ ಪೈಪು ಸೋರತೊಡಗಿತು. ಅಂದಾನಯ್ಯ ತಿರುಪು ಬಿಗಿದ. ಸ್ವಲ್ಪ ಹೊತ್ತಿಗೆ ನಾತ ನಿಂತಿತೆಂದು ಟವಲ್ಲು ತೆಗೆದ. ಊಟ ಮುಗಿಸಿ ಬಂದ ಜೊತೆಯಾಳು ಮಂಜುನಾಥ ಬಾಗಿಲಲ್ಲೇ ಕೆಮ್ಮಿದ.

"ಅಂದಾನಣ್ಣ, ಈಚೆಗ್ ಬಾ. ಗಬ್ಬು ನಾರ್ತಾದೆ."

"ಎಲ್ಲದ್ಲಾ ನಾತ? ಬೆಲ್ಲದ್ ಪಾಕನೇ ಮೂಗಲ್ಲಿ ಏಳ್ತಿದ್ದೋನು ಕಣ್ಲಾ ನಾನು."

"ನಿನ್ ಮೂಗು ಸತ್ತೋಗದೆ ಕಣಣ್ಣ."

ಮಂಜುನಾಥ ಹೇಳಿದ್ದೇ ಸರಿ. ಈ ಗ್ಯಾಸಿನಲ್ಲಿ ಒಂದಷ್ಟು ಹೊತ್ತು ನಿಂತರೆ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಸಂಜೆ ಅಂದಾನಯ್ಯ ಬಸ್ಸಿಳಿದಾಗ, ಗ್ಯಾಸು ತಾಗಿದ ಕಣ್ಣಿಗೆ ಬೀದಿದೀಪಗಳ ಸುತ್ತ ನೀಲಿ ಬಳೆಗಳು ಕಂಡವು. ಬಾಗಿಲಲ್ಲಿ ಮುತ್ತಮ್ಮ ಮೂಗು ಮುಚ್ಚಿಕೊಂಡಳು.

"ಶ್ರಾವಣ್ ಸನಿವಾರ ಅನ್ನೋದ್ನೂ ನೋಡ್ದೆ ಯಾವ್ ಓಟ್ಲಲ್ ಮೀನ್ ತಿಂದ್ಬುಟ್ ಬಂದ್ಯಪ್ಪ?"

"ಫ್ಯಾಕ್ಟ್ರಿ ನಾತ ಕಣಮ್ಮಿ."

"ಫ್ಯಾಕ್ಟ್ರೀಲೂ ಮೀನ್ಸಾರ್ ಕಾಯಿಸ್ತಾರಾ? ಒಳಿಕ್ ಕಾಲಿಕ್ಬೇಡ."

ಅಂಗಳದಲ್ಲೇ ಬಟ್ಟೆ ಬಿಚ್ಚಿಸಿ, ಮೈಲಿಗೆ ಕಳೆಯಲೆಂದು ತಲೆಯ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದಳು. ಬೈಯುತ್ತಾ ಮುಖ ಉಜ್ಜುವಾಗ ಅವನ ಕಣ್ಣು ಕೆಂಡವಾಗಿರುವುದು ಕಂಡಿತು. ಬೈಗುಳ ಅಲ್ಲಿಗೇ ನಿಂತಿತು. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ನೀರು ಹುಯ್ದದ್ದರಿಂದ ಕಣ್ಣು ಉಳಿದವು, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ, ಎಂದರು ಡಾಕ್ಟರು.

ಈಗ ಕಂಟ್ರಾಕ್ಟರು ಫೋನು ಮಾಡಿದ್ದಾನೆ: "ಸೋಮ್ವಾರ ಬಾ. ಟವಲ್ ಮರೀಬೇಡ."

"ಬಾಕಿ ಕೂಲಿ ಕೊಡಿ, ಗ್ಯಾಸ್ ಮಾಸ್ಕ್ ಕೊಡಿ. ಆಮೇಲ್ ಬತ್ತೀನಿ."

"ಅಂಗಾರೆ ಬೇರೆ ಆಳ್ ನೋಡ್ಕತೀನಿ ಬುಡು."

ಸೋಮವಾರ ಬೆಳಿಗ್ಗೆ ಅಂದಾನಯ್ಯ ಫ್ಯಾಕ್ಟರಿ ಗೇಟಿನ ಮುಂದೆ ಕೂರುತ್ತಾನೆ, ಮುತ್ತಮ್ಮ ಬುತ್ತಿ ಕಟ್ಟಿಕೊಂಡು ಪಕ್ಕದಲ್ಲಿರುತ್ತಾಳೆ. ಇಬ್ಬರೇ ಕೂತರೆ ಕಂಟ್ರಾಕ್ಟರು ಪಕ್ಕದಿಂದಲೇ ಇನ್ನೊಬ್ಬನನ್ನು ಮಾಸ್ಕಿಲ್ಲದೆ ಬರಿಗಣ್ಣಲ್ಲಿ ಒಳಗೆ ಕಳಿಸುತ್ತಾನೆ. ಓದಿ ಅಯ್ಯೋ ಪಾಪ ಅನ್ನುವುದು ಬೇಡ. ಬಂದು ಆ ಗೇಟಿಗೆ ಅಡ್ಡ ನಿಲ್ಲಿ.